ಸಕೇಶಿ ಮಾಡಿದ ಹಬ್ಬದಡುಗೆ

ಅಡುಗೆ ಮಾಡುವವಳ ಕೈ ಚೊಕ್ಕಟವಾಗಿರಬೇಕು, ಪಾತ್ರೆ ಬೆಳಗಿರಬೇಕು, ಅಕ್ಕಿಯಲ್ಲಿ ಕಲ್ಲಿರಬಾರದು ಎಂದರೆ ಒಪ್ಪುತ್ತೇನೆ. ಅವಳ ತಲೆಯ ಮೇಲೆ ಕೂದಲೇ ಇರಬಾರದು ಎಂದರೆ, ಅದಕ್ಕೂ ಅನ್ನ ಬೇಯುವುದಕ್ಕೂ ಏನು ಸಂಬಂಧ ಎಂದು ಇಷ್ಟು ವರ್ಷವಾದರೂ ನನಗೆ ಯಾರೂ ತಿಳಿಸಿ ಹೇಳಿಲ್ಲ. ಕೇಳಿದಾಗಲೆಲ್ಲ ಶಾಸ್ತ್ರ ಎಂದರು. ಹಾಗೆಂದವರು ಆ ದೀಪಾವಳಿಯ ದಿನ ಎಲೆಯ ಮುಂದೆ ಕೂತು ಏನು ಮಾಡಿದರು ಎಂಬುದನ್ನು ನಾನು ಕಣ್ಣಾರೆ ಕಂಡೆ. ಅದನ್ನು ಬರೆಯುತ್ತೇನೆ. ಸಮಾಧಾನವಾಗಿ ಬರೆಯುವುದು ಮಾತ್ರ ನನ್ನ ಕೈಲಾಗದು.

ಆಗ ನಾನು ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗ ರಾಮನಗರ ಎನ್ನುವ ಊರಿನಲ್ಲಿ, ಒಬ್ಬ ವಕೀಲರ ಮನೆಯ ಅಡುಗೆ ನೋಡಿಕೊಳ್ಳುತ್ತಿದ್ದೆ. ವಕೀಲರ ಹೆಂಡತಿ ದೂರದ ಸಂಬಂಧದಲ್ಲಿ ನನಗೆ ಅಕ್ಕನಾಗಬೇಕು. ಹಾಗಾಗಿ ವಕೀಲರನ್ನು ಭಾವ ಎನ್ನುತ್ತಿದ್ದೆ. ನನ್ನ ಗಂಡ ತೀರಿಕೊಂಡಾಗ ನಾನಿನ್ನೂ ಬೊಂಬೆಯಾಟ ಬಿಟ್ಟಿರಲಿಲ್ಲ. ನಮ್ಮವರಲ್ಲಿ ಆಗ ವಿಧವೆಯಾದವಳು ದೊಡ್ಡವಳಾದ ಮೇಲೆ ತಲೆ ಬೋಳಿಸಿಕೊಳ್ಳಬೇಕಿತ್ತು. ಬೋಳಿಸಿಕೊಂಡವಳು ಮಡಿಹೆಂಗಸು, ಅವಳು ಮಾಡಿದ ಅಡುಗೆ ದೇವರಿಗೂ ಸಲ್ಲುತ್ತದೆ. ಕೂದಲು ಉಳಿಸಿಕೊಂಡವಳು ಸಕೇಶಿ. ಆ ಪದವನ್ನು ಬೈಗುಳದ ಹಾಗೆ ಆಡುತ್ತಿದ್ದರು. ನಮ್ಮಪ್ಪ ಹಟ ಹಿಡಿದು ನನ್ನ ತಲೆ ಮುಟ್ಟಗೊಡಲಿಲ್ಲ. ಅಪ್ಪ ಹೋದ ಮೇಲೆ ನನಗೆ ದಿಕ್ಕಿಲ್ಲವೆಂದು ಅಕ್ಕ ಭಾವ ಕರೆತಂದರು. ಬಂದ ದಿನ ಭಾವ ನಡುಮನೆಯಲ್ಲಿ ನಿಂತು, "ಈ ಮನೇಲಿರೋವರೆಗೂ ನಿನ್ನ ತಲೆಗೆ ಕತ್ತಿ ತಾಕೋದಿಲ್ಲ, ಹೆದರಬೇಡ" ಎಂದರು. ಊರಿನ ವಾಚನಾಲಯದಲ್ಲಿ ವಿಧವೆಯರ ಕಷ್ಟದ ಮೇಲೆ ಭಾಷಣವನ್ನೂ ಮಾಡಿದರು. ಕೇಳಿದವರು ನಮ್ಮ ಜಗಲಿಗೆ ಬಂದು ಕೂತು, ನಾನು ಮಾಡಿದ ಕಾಫಿ ಕುಡಿದು, ಭಾಷಣವನ್ನು ಹೊಗಳಿ ಹೋದರು.

ಆ ವರ್ಷ ದೀಪಾವಳಿಯ ರಜಕ್ಕೆ ಅಕ್ಕನ ಅಣ್ಣ ಸಂಸಾರ ಸಮೇತ ಬರುವುದೆಂದಾಯಿತು. ಮೈಸೂರಿನಲ್ಲಿ ಅವರು ದೊಡ್ಡ ವಿದ್ವಾಂಸರು. ಮನೆಯಲ್ಲಿ ಎಲ್ಲರ ಬಾಯಲ್ಲೂ ದೊಡ್ಡಣ್ಣ. ಭಾವ ಕೋರ್ಟಿನ ಕೆಲಸಕ್ಕೆಂದು ಮೈಸೂರಿಗೆ ಹೋದವರು ಅವರನ್ನು ಕಂಡು ಬಂದರು. ರೈಲಿಳಿದು ಬಂದವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು ನನಗೆ ಹೇಳಿದರು:

"ಅವರೆಲ್ಲ ದ್ವಿದಳವ್ರತದಲ್ಲಿರ್ತಾರಂತೆ. ಹಬ್ಬದಡುಗೆ ಹೇಗೆ ಹೊಂದಿಸ್ತೀಯೋ ನೋಡು. ಮನೆ ಮರ್ಯಾದೆ ನಿನ್ನ ಕೈಲಿದೆ."

ಚಾತುರ್ಮಾಸ್ಯದ ಕಡೆಯ ತಿಂಗಳಿನ ವ್ರತ ಅದು. ಎರಡು ಹೋಳಾಗುವ ಕಾಳು ಯಾವುದನ್ನೂ ತಿನ್ನುವ ಹಾಗಿಲ್ಲ. ತೊಗರಿ, ಕಡಲೆ, ಹೆಸರು, ಉದ್ದು ಎಲ್ಲಾ ಹೋದವು. ಸಾಸಿವೆ, ಮೆಂತ್ಯ, ಕೊತ್ತಂಬರಿ ಬೀಜವೂ ಹೋದವು. ಹುಣಸೆಯ ಬೀಜ ಎರಡಾಗುತ್ತದೆಂದು ಹುಣಸೆಹಣ್ಣು ಹೋಯಿತು. ಬೀಜ ತುಂಬಿದ ತರಕಾರಿ ಕೂಡದೆಂದು ಬದನೆ, ಕುಂಬಳ, ಸೌತೆ, ಮೆಣಸಿನಕಾಯಿ ಹೋದವು. ಮೆಣಸು, ಜೀರಿಗೆಗೆ ಮಾತ್ರ ಅಡ್ಡಿಯಿಲ್ಲ. ದೀಪಾವಳಿ ಬರುವುದು ಸರಿಯಾಗಿ ಈ ತಿಂಗಳಿನಲ್ಲೇ. ತೊವ್ವೆಯಿಲ್ಲ, ಕೋಸಂಬರಿಯಿಲ್ಲ, ಬೇಳೆ ಹೋಳಿಗೆಯಿಲ್ಲ, ಆಂಬೊಡೆಯಿಲ್ಲ, ಉದ್ದಿನ ಹಪ್ಪಳವಿಲ್ಲ. ಆದರೂ ಎಲೆ ನೋಡಿದರೆ ಹಬ್ಬ ಎನ್ನಿಸಬೇಕು. ಭಾವನ ಮನೆಯಲ್ಲಿ ಯಾರೂ ವ್ರತ ಹಿಡಿಯುತ್ತಿರಲಿಲ್ಲ. ವಿಧವೆ ಎಂದ ಮೇಲೆ ನನಗೆ ಮಾತ್ರ ತಪ್ಪಿದ್ದಲ್ಲ. ಪ್ರತಿ ವರ್ಷ ಎಲ್ಲರಿಗೂ ಬೇಳೆ ಹುಳಿ ಬಡಿಸಿ, ಮೂಲೆಯಲ್ಲಿ ಕೂತು ನನ್ನ ಪಾಡಿಗೆ ಮೆಣಸು ಜೀರಿಗೆಯ ಅನ್ನ ಉಣ್ಣುತ್ತಿದ್ದೆ. ಹಾಗಾಗಿ ಆ ಅಡುಗೆ ನನಗೆ ಹೊಸದಲ್ಲ. ಅದನ್ನು ಹಬ್ಬದೂಟ ಮಾಡುವುದು ಮಾತ್ರ ಹೊಸದು, ಅದೇ ನನಗೆ ಹುರುಪು ಕೊಟ್ಟಿತು. ಇಂಥ ಕೆಲಸ ಸಿಕ್ಕರೆ ನಾನು ಊಟ ನಿದ್ದೆ ಮರೆಯುವವಳು.

ಮೊದಲು ತರಕಾರಿ ಗೊತ್ತುಮಾಡಿದೆ. ಬೀಜವಿಲ್ಲದ್ದು ಎಂದರೆ ಗಡ್ಡೆ ಗೆಣಸು, ಬಾಳೆದಿಂಡು. ಮರಳವಾಡಿಯಿಂದ ಗಾಡಿಯಲ್ಲಿ ತರಕಾರಿ ತರುತ್ತಿದ್ದ ಒಬ್ಬ ರೈತನಿಗೆ ಸುವರ್ಣಗಡ್ಡೆ ಹೇಳಿದ್ದೆ. ಅವನು ಹಿತ್ತಿಲ ಬಾಗಿಲಿಗೆ ಗಡ್ಡೆ ಇಳಿಸಿ, "ನೋಡ್ಕಳಿ ಅವ್ವಾರೇ, ಗಡ್ಡೆ ಚೆಂದಾಗೈತೆ. ಒಸಿ ಗಂಟ್ಲು ಕೆರೀತದೆ ಅಷ್ಟೆಯಾ. ಹುಣಸೆಹಣ್ಣು ಜಾಸ್ತಿ ಬುಡಿ, ಸರೋಯ್ತದೆ" ಎಂದ.

"ಹುಣಸೆಹಣ್ಣು ಹಾಕೋ ಹಾಗಿಲ್ಲಪ್ಪ."

"ಹುಣಸೆ ಇಲ್ದೆ ಸುವರ್ಣಗಡ್ಡೆನಾ? ಯಾರವ್ವಾ ಅದ ತಿನ್ನೋರು!" ಎಂದು ನಗುತ್ತಲೇ ಗಾಡಿ ಹೊಡೆದುಕೊಂಡು ಹೋದ.

ಅವನು ನಕ್ಕದ್ದು ಸುಳ್ಳಲ್ಲ. ಮೊದಲ ಸಲ ಬೇಯಿಸಿ ರುಚಿ ನೋಡಿದಾಗ ಗಂಟಲಿಗೆ ಸೂಜಿ ಚುಚ್ಚಿದ ಹಾಗಾಯಿತು. ಮರುದಿನ ಹೋಳುಗಳನ್ನು ಅಕ್ಕಿ ತೊಳೆದ ನೀರಿನಲ್ಲಿ ನೆನೆಹಾಕಿ, ಆಮೇಲೆ ಚೆನ್ನಾಗಿ ಹುಳಿತ ಮಜ್ಜಿಗೆಯಲ್ಲಿ ಒಂದು ಹೊತ್ತು ಬಿಟ್ಟು, ಆ ನೀರು ಚೆಲ್ಲಿ ಬೇಯಿಸಿದೆ. ಕೆರೆತ ಹೋಯಿತು. ಮಜ್ಜಿಗೆಹುಳಿಗೆ ಎಲ್ಲರೂ ನೆನೆಸಿದ ಕಡಲೆಬೇಳೆ ಅರೆದು ಹಾಕುವುದು, ಅದಿಲ್ಲದಿದ್ದರೆ ಮಜ್ಜಿಗೆ ಒಡೆಯುತ್ತದೆ. ಅದರ ಬದಲು ನೆನೆಸಿದ ಅಕ್ಕಿ, ಕಾಯಿ, ಶುಂಠಿ, ಮೆಣಸು, ಜೀರಿಗೆ ನುಣ್ಣಗೆ ಅರೆದು ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿದೆ. ಒಡೆಯದೆ ನಿಂತಿತು. ಒಗ್ಗರಣೆಗೆ ತುಪ್ಪ, ಜೀರಿಗೆ, ಕರಿಬೇವು ಮಾತ್ರ. ಅಂಗಡಿಯ ಇಂಗಿನಲ್ಲಿ ಏನೇನು ಕಲಸಿರುತ್ತಾರೋ ಎಂದು ಅದನ್ನೂ ಬಿಟ್ಟೆ. ಹಪ್ಪಳದ ಬದಲಿಗೆ ಅಕ್ಕಿ ಸಂಡಿಗೆ ಎಂದುಕೊಂಡರೆ, ಬೇಸಿಗೆಯಲ್ಲಿ ಮಾಡಿಟ್ಟದ್ದಕ್ಕೆಲ್ಲ ಮೆಣಸಿನಕಾಯಿ ಅರೆದಿದ್ದೆ. ಮೆಣಸು ಹಾಕಿ ಹೊಸದಾಗಿ ಹಿಟ್ಟು ಬೇಯಿಸಿ ಮಾಳಿಗೆಯ ಮೇಲೆ ಹಾಕಿದರೆ, ಎಲ್ಲಿತ್ತೋ ಮಳೆ, ಬಂದು ಎಲ್ಲವನ್ನೂ ಗಂಜಿ ಮಾಡಿ ಹೋಯಿತು. ಮತ್ತೆ ಮಾಡಿದೆ. ಈ ಸಲ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಕದ ಹಾಗೆ ಬಟ್ಟೆ ಮುಚ್ಚಿ ಒಣಗಿಸಿದೆ.

ಕಷ್ಟ ಕೊಟ್ಟದ್ದು ಹೋಳಿಗೆ. ಕಾಯಿ ಬೆಲ್ಲದ ಹೂರಣ ಬೇಳೆಯಿಲ್ಲದೆ ಕಟ್ಟಿಕೊಳ್ಳುವುದಿಲ್ಲ, ತಟ್ಟುವಾಗಲೇ ಬಾಯಿ ಬಿಡುತ್ತದೆ. ಪಾಕ ಗಟ್ಟಿ ಮಾಡಿದರೆ ಹಂಚಿನ ಮೇಲೆ ಕಲ್ಲಾಗುತ್ತದೆ. ಎಷ್ಟೋ ಹೋಳಿಗೆ ಹರಿದು ಬೆಲ್ಲ ಹಂಚಿಗೆ ಹತ್ತಿ ಸೀದುಹೋದವು. ಕಡೆಗೆ ಗೆಣಸು ಬೇಯಿಸಿ, ನಾರು ತೆಗೆದು, ಕಾಯಿಯ ಜೊತೆ ಒರಳಿನಲ್ಲಿ ಅರೆದು ಬೆಲ್ಲಕ್ಕೆ ಸೇರಿಸಿದೆ. ಏಲಕ್ಕಿಯೂ ಬೀಜವೇ ಎಂದು ಚಿಟಿಕೆ ಪಚ್ಚಕರ್ಪೂರ ಹಾಕಿದೆ. ಕಣಕವನ್ನು ತುಪ್ಪದಲ್ಲಿ ನಾದಿದೆ. ಹೋಳಿಗೆ ಬಾಳೆಲೆಯ ಮೇಲಿಂದ ಹಂಚಿಗೆ ಜಾರಿ, ಉಬ್ಬಿ, ಹರಿಯದೆ ಎದ್ದಿತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಇದನ್ನು ತಣ್ಣಗೆ ತಿಂದರೆ ಮಜವಿಲ್ಲ, ಅತಿಥಿಗಳು ಎಲೆಯ ಮುಂದೆ ಕೂತಾಗಲೇ ಬಿಸಿಬಿಸಿ ಬೇಯಿಸಿ ಬಡಿಸಬೇಕು ಎಂದು ಆಗಲೇ ತೀರ್ಮಾನಿಸಿದೆ.

ಭಾವ ಆವತ್ತು ಸಂಜೆ ಹೋಳಿಗೆ ತಿಂದು, ಮತ್ತೆ ಬೇಡಿ ತಿಂದು, "ಭೇಷ್! ದೊಡ್ಡಣ್ಣ ಬೆರಳು ಚೀಪ್ತಾರೆ ನೋಡು" ಎಂದರು. ನನ್ನ ಬೆನ್ನು ತಟ್ಟುವ ಆ ಹೊತ್ತಿನಲ್ಲಿ ಅವರಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಮೈಸೂರಿನಿಂದ ಅವರು ಎರಡು ಮಾತು ತಂದಿದ್ದರು. ಒಂದನ್ನು ಹೇಳಿ ನನ್ನಿಂದ ಅಷ್ಟೂ ಕೆಲಸ ಮಾಡಿಸಿಕೊಂಡು, ಇನ್ನೊಂದನ್ನು ಬಾಯೊಳಗೇ ಇಟ್ಟುಕೊಂಡಿದ್ದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನೆಂಟರು ಬರುವುದಕ್ಕೆ ಮೂರು ನಾಲ್ಕು ದಿನ ಇರುವಾಗ, ಮಧ್ಯಾಹ್ನ ನಾನು ಹಿತ್ತಿಲಲ್ಲಿ ಬಾಳೆದಿಂಡು ಸಿಗಿಯುತ್ತಿದ್ದೆ. ಊರಿನ ಕ್ಷೌರದವನು ಹಿತ್ತಿಲ ಬಾಗಿಲಿನಿಂದ ಬಂದು ಬಾವಿಕಟ್ಟೆಯ ಹತ್ತಿರ ಕೂತ. ಭಾವನಿಗೆ ಕ್ಷೌರವಿರಬೇಕು ಎಂದುಕೊಂಡೆ. ಅವನು ಕತ್ತಿ ಮಸೆಯುತ್ತಾ ನನ್ನ ಕಡೆ ನೋಡುವುದು, ನೆಲ ನೋಡುವುದು ಮಾಡುತ್ತಿದ್ದ. ಅಷ್ಟರಲ್ಲಿ ಅಕ್ಕ ಒಂದು ಮಣೆ ತಂದು ಒಗೆಯುವ ಕಲ್ಲಿನ ಪಕ್ಕದಲ್ಲಿ ಹಾಕಿದಳು. ಅವಳ ಕಣ್ಣು ಕೆಂಪಾಗಿತ್ತು.

"ಭಾವ ಎಲ್ಲಿ? ಇವನು ಕಾಯ್ತಾ ಇದಾನಲ್ಲ" ಎಂದೆ.

"ಅವರಿಗಲ್ಲ ಕಣೇ," ಎಂದಳು ಅಕ್ಕ. ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಬಾಳೆದಿಂಡನ್ನು ನೆಲಕ್ಕೆ ಎಸೆದೆ. ಕ್ಷೌರದವನು ಬೆಚ್ಚಿ, "ನಂಗೇನ್ ಗೊತ್ತವ್ವಾ! ಸ್ವಾಮ್ಯೋರು ಬಾ ಅಂದ್ರು, ಬಂದೆ. ನೀವು ಒಲ್ಲೆ ಅಂದ್ರೆ ಹೊಂಟೋಯ್ತೀನಿ" ಎಂದ. ಅವನನ್ನು ಅಲ್ಲೇ ಬಿಟ್ಟು ನಡುಮನೆಗೆ ನುಗ್ಗಿದೆ. ಭಾವ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು.

"ಏನು ಭಾವ ಇದು?"

"ಕೂತ್ಕೋ, ಹೇಳ್ತೀನಿ." ಪತ್ರಿಕೆ ಕೆಳಗಿಳಿಯಲಿಲ್ಲ. "ನನಗೇನೂ ಅಭ್ಯಂತರ ಇಲ್ಲ, ಅದು ನಿನಗೂ ಗೊತ್ತು. ಆದರೆ ದೊಡ್ಡಣ್ಣ ಸಕೇಶಿ ಮಾಡಿದ ಅಡುಗೆ ಮುಟ್ಟೋಲ್ಲ ಅಂತ ಮೈಸೂರಲ್ಲೇ ಹೇಳಿದ್ರು. ಹಬ್ಬದ ದಿನ ಬಂದ ನೆಂಟರು ಎಲೆ ಬಿಟ್ಟು ಎದ್ದುಹೋದ್ರೆ ನಾನು ಈ ಊರಲ್ಲಿ ತಲೆ ಎತ್ಕೊಂಡು ತಿರುಗೋದು ಹೇಗೆ? ಪಂಚಾಂಗ ನೋಡಿದೀನಿ, ಇವತ್ತು ದಿನ ಚೆನ್ನಾಗಿದೆ. ಕೂದಲು ತಾನೆ, ಮತ್ತೆ ಬೆಳೆಯುತ್ತೆ."

ಮತ್ತೆ ಬೆಳೆಯುತ್ತೆ! ಅವರಿಗೆ ಗೊತ್ತಿಲ್ಲದ್ದೇನಲ್ಲ. ಒಂದು ಸಲ ಬೋಳಿಸಿಕೊಂಡ ವಿಧವೆಗೆ ಮತ್ತೆ ಕೂದಲು ಬಿಡಲು ಯಾರೂ ಬಿಡುವುದಿಲ್ಲ. ಸಾಯುವವರೆಗೆ ತಿಂಗಳು ತಿಂಗಳೂ ಕತ್ತಿಗೆ ತಲೆ ಒಡ್ಡಬೇಕು.

"ಬೆಳೆಸೋದಕ್ಕೆ ನೀವು ಬಿಟ್ಟರೂ ಊರು ಬಿಡುತ್ತಾ?" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ನೀವು ತಲೆ ಎತ್ಕೊಂಡು ತಿರುಗೋದಕ್ಕೆ ನನ್ನ ತಲೆ ಬೇಕಾ? ಮಡಿಹೆಂಗಸರೇ ಬೇಕಾದರೆ ಬೇರೆ ಯಾರನ್ನಾದರೂ ಕರೆಸಿ ಮಾಡಿಸಿ."

"ಇಷ್ಟು ಹೊತ್ತಿಗೆ ಎಲ್ಲಿ ಸಿಗ್ತಾರೆ? ಅದೂ ದ್ವಿದಳದ ಹಬ್ಬದಡುಗೆ ಬಲ್ಲವರು?"

ಅಂದರೆ ನನ್ನ ಕೈ ಬೇಕು, ಕೂದಲು ಬೇಡ. ನಾನು ಆಗದು ಎಂದೆ. ಸತ್ತರೂ ಆಗದು ಎಂದೆ. ಆಗ ಪತ್ರಿಕೆ ಕೆಳಗಿಳಿಯಿತು. "ಹಟ ಮಾಡಿದ್ರೆ ನಿನ್ನನ್ನ ಈ ಮನೇಲಿ ಇಟ್ಕೊಳ್ಳೋದು ಕಷ್ಟ ಆಗುತ್ತೆ, ಯೋಚನೆ ಮಾಡು" ಎಂದರು ಭಾವ. ಆ ಮಾತನ್ನು ಬಲು ಮೃದುವಾಗಿ ಹೇಳಿದರು. ವಾಚನಾಲಯದ ಭಾಷಣದ ದನಿಯೇ ಅದು.

ನಾನು ಹಿತ್ತಿಲಿಗೆ ಹೋಗಿ ಕ್ಷೌರದವನನ್ನು ಕಳಿಸಿಬಿಟ್ಟೆ. ಮಣೆಯನ್ನು ಎತ್ತಿ ಕೊಟ್ಟಿಗೆಯೊಳಗೆ ಬಿಸಾಕಿದೆ. ಮೂಲೆಯಲ್ಲಿ ಕೂತು ಅತ್ತೆ. ಅತ್ತದ್ದು ದುಃಖಕ್ಕಲ್ಲ, ಸಿಟ್ಟಿಗೆ. ಹೋಗಲು ಒಂದು ಮನೆಯಿದ್ದಿದ್ದರೆ ಅರೆದ ಹೂರಣವನ್ನು ಅವರ ಕಾಗದ ಪತ್ರದ ಮೇಲೆ ಸುರಿದು ಹೊರಟುಬಿಡುತ್ತಿದ್ದೆ.

ದಾರಿ ಹುಡುಕಿದವಳು ಅಕ್ಕ. ಮಾಗಡಿಯಲ್ಲಿ ಭಾವನ ಸೋದರತ್ತೆ ಇದ್ದರು. ಮೈನೆರೆದ ಕೂಡಲೇ, ಇನ್ನೂ ಹುಡುಗಿಯಾಗಿದ್ದಾಗಲೇ ತಲೆ ಬೋಳಿಸಿಕೊಂಡಿದ್ದ ಮುದುಕಿ, ಕಣ್ಣಿಗೆ ಪೊರೆ ಬಂದು ನೆರಳಿನಷ್ಟೇ ಕಾಣುತ್ತಿತ್ತು. ಅವರನ್ನು ಕರೆಸಿ ಅಡುಗೆಮನೆಯಲ್ಲಿ ಕೂರಿಸುವುದು. ಅಡುಗೆಯನ್ನು ನಾನು ಹಿತ್ತಿಲ ಕೊಟ್ಟಿಗೆಯ ಪಕ್ಕದಲ್ಲಿ ಮಾಡುವುದು. ಬಚ್ಚಲೊಲೆ ಅಲ್ಲೇ ಇರುವುದರಿಂದ ಹೊಗೆ ಕಂಡರೂ ಯಾರೂ ಕೇಳುವುದಿಲ್ಲ. ಅಕ್ಕ ಒಳಗೆ ಸಾಗಿಸುವುದು. ನೆಂಟರಿಗೆ ಅತ್ತೆ ಮಾಡಿದ್ದು ಎನ್ನುವುದು, ನಾನು ದನದ ಕೆಲಸಕ್ಕಿದ್ದೇನೆ ಎನ್ನುವುದು. ಮಡಿಯ ಅಡುಗೆಮನೆಗೆ ಹೊರಗಿನವರು ಕಾಲಿಡುವುದಿಲ್ಲವಾದ್ದರಿಂದ ಯಾರಿಗೂ ತಿಳಿಯದು. ಭಾವ ಕೇಳಿ, "ಹಾಗಾದರೂ ಮಾಡಿ" ಎಂದು ದೊಡ್ಡ ಮನಸ್ಸು ಮಾಡಿದವರಂತೆ ಒಪ್ಪಿದರು. ನಾನೂ ಒಪ್ಪಿದೆ. ಕೂದಲು ಉಳಿಯಿತು, ಸೂರೂ ಉಳಿಯಿತು ಎಂದುಕೊಂಡೆ. ಆದರೆ ನಾನು ಹೊಂದಿಸಿದ ಊಟಕ್ಕೆ ನಾನೇ ಕಳ್ಳಿಯಾದೆನಲ್ಲ ಎಂದು ಒಳಗೇ ಕುದಿಯುತ್ತಿದ್ದೆ.

ಅತ್ತೆ ಎತ್ತಿನ ಗಾಡಿಯಲ್ಲಿ ಬಂದಿಳಿದರು. ವಿಷಯ ಕೇಳಿ, "ಕೂತ್ಕೋ ಅಂದ್ರೆ ಕೂತ್ಕೋತೀನಿ. ಸುಳ್ಳು ಹೇಳು ಅಂದ್ರೆ ಹೇಳೋಲ್ಲ, ಅದನ್ನ ನೀವೇ ಹೇಳ್ಕೊಳಿ" ಎಂದು ಭಾವನಿಗೆ ಹೇಳಿದರು. ಆಮೇಲೆ ನನ್ನನ್ನು ಹತ್ತಿರ ಕರೆದು ಜಡೆಯನ್ನು ಮುಟ್ಟಿ, ಬುಡದಿಂದ ತುದಿಯವರೆಗೆ ಕೈಯಾಡಿಸಿದರು.

"ಎಣ್ಣೆ ಹಾಕೋಲ್ವೇನೇ? ಒರಟಾಗಿದೆ."

"ನಾನು ಹಾಕೋ ಹಾಗಿಲ್ಲವಲ್ಲ ಅತ್ತೆ."

"ಹೂಂ. ನನಗೆ ತೆಗೆದಾಗ ಅಳಬೇಕು ಅಂತಾನೂ ತಿಳೀಲಿಲ್ಲ. ತಲೆ ತಣ್ಣಗಾಯ್ತು ಅಂತ ನಕ್ಕಿದ್ದೆ," ಎಂದರು.

ನರಕ ಚತುರ್ದಶಿಯ ಬೆಳಗ್ಗೆ, ಹಿಂದಿನ ರಾತ್ರಿ ಬಂದಿಳಿದ ನೆಂಟರೂ ಸೇರಿ ಎಲ್ಲರ ಅಭ್ಯಂಜನಕ್ಕೆ ಹಂಡೆ ಕಾಯಿಸಿಕೊಟ್ಟು, ನಾನು ಬಾವಿಯ ಹತ್ತಿರ ತಣ್ಣೀರು ಮಿಂದು ಮಡಿಯುಟ್ಟೆ. ಮೂರು ಕಲ್ಲಿನ ಒಲೆ ಹೂಡಿ ಕೆಲಸಕ್ಕೆ ಕೂತೆ. ಬಾಳೆದಿಂಡಿನ ಪಲ್ಯ, ಗೆಣಸಿನ ಪಲ್ಯ, ಮೆಣಸು ಜೀರಿಗೆಯ ಸಾರು, ಸುವರ್ಣಗಡ್ಡೆಯ ಮಜ್ಜಿಗೆಹುಳಿ, ಕಾಯಿ ಗೊಜ್ಜು, ಗೋಧಿ ಪಾಯಸ. ಎಲ್ಲವೂ ಹೇಳಿದ ಹಾಗೆ ಕೇಳುತ್ತಿದ್ದವು. ಅತ್ತೆ ಒಳಗೆ ಸೌಟು ಹಿಡಿದು ಕೂತಿದ್ದರು. ಹೊಗೆಯಾದರೆ ಅವರ ಕಣ್ಣಿಗೆ ಆಗದೆಂದು ಒಳಗಿನ ಒಲೆಯನ್ನು ಹಚ್ಚಿರಲಿಲ್ಲ.

ಊಟದ ಹೊತ್ತು ಹತ್ತಿರವಾದಾಗ ಅಕ್ಕ ನನಗೆ ನೆರವಾಗಲು ಬಂದು ಮಜ್ಜಿಗೆಹುಳಿಗೆ ಒಗ್ಗರಣೆ ಕೊಡುತ್ತೇನೆಂದಳು. ಒಳಗಿನಿಂದ ತನ್ನ ಒಗ್ಗರಣೆ ಡಬ್ಬಿಯನ್ನೇ ತಂದಿದ್ದಳು. ತುಪ್ಪ ಕಾಯಿತು, ಅವಳ ಕೈ ತಾನಾಗಿ ಡಬ್ಬಿಗೆ ಹೋಯಿತು. ಚಟಪಟ ಸದ್ದು ಕೇಳಿ ನಾನು ತಿರುಗುವಷ್ಟರಲ್ಲಿ ಸಾಸಿವೆ ಸಿಡಿದು ಹುಳಿಯೊಳಗೆ ಬಿದ್ದಾಗಿತ್ತು. ಹುಟ್ಟಿದಾಗಿನಿಂದ ಒಗ್ಗರಣೆ ಎಂದರೆ ಸಾಸಿವೆ ಎಂದೇ ಕಲಿತ ಕೈ, ಅದಕ್ಕೆ ವ್ರತ ಗೊತ್ತಿಲ್ಲ.

"ಅಯ್ಯೋ ಅಕ್ಕ! ಏನು ಮಾಡಿದೆ!"

"ಆರಿಸಿಬಿಡೋಣ್ವಾ? ಮೇಲೆ ತೇಲ್ತಾ ಇದೆ," ಎಂದಳು ಅವಳು.

ಆರಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಮನಸ್ಸು ಒಪ್ಪಲಿಲ್ಲ. ಅವರು ನನ್ನನ್ನು ಏನೆಂದರೂ ಅನ್ನಲಿ, ವ್ರತಕ್ಕೆಂದು ಒಪ್ಪಿಕೊಂಡ ಅಡುಗೆಯಲ್ಲಿ ಸಾಸಿವೆ ಇರಕೂಡದು. ಅಷ್ಟೂ ಹುಳಿಯನ್ನು ಪಕ್ಕಕ್ಕಿಟ್ಟು, ಪಾತ್ರೆ ಬೇರೆ ಮಾಡಿ, ಮಜ್ಜಿಗೆಯಲ್ಲಿ ನೆನೆದು ಉಳಿದಿದ್ದ ಗಡ್ಡೆ ಬೇಯಲಿಟ್ಟು, ಮತ್ತೆ ಒರಳಿಗೆ ಕೂತೆ. ರಟ್ಟೆ ಬಿದ್ದುಹೋಗುವ ಹಾಗೆ ಅರೆದೆ. ಎಲೆ ಹಾಕುವ ಹೊತ್ತಿಗೆ ಎರಡನೆಯ ಮಜ್ಜಿಗೆಹುಳಿ ಇಳಿಯಿತು.

ಗಂಡಸರ ಪಂಕ್ತಿ ಕೂತಿತು. ಅಕ್ಕ ಬಡಿಸುತ್ತಿದ್ದಳು. ಭಾವ ದೊಡ್ಡಣ್ಣನ ಪಕ್ಕದಲ್ಲಿ ಕೂತು ಉಪಚರಿಸುತ್ತಿದ್ದರು. ನಾನು ಹೋಳಿಗೆ ತಟ್ಟಿ ಬೇಯಿಸಿ, ಅಕ್ಕನಿಗೆ ಬಿಡುವಾಗದಾಗ ನಾನೇ ಅಡುಗೆಮನೆಯವರೆಗೆ ತಂದು ಇಟ್ಟು ಹೋಗುತ್ತಿದ್ದೆ. ಹಾಗೆ ಒಂದು ತಟ್ಟೆ ತಂದಾಗ ನಡುಮನೆಯ ಮಾತು ಕಿವಿಗೆ ಬಿತ್ತು.

"ಬೇಳೆಯಿಲ್ಲದೆ ಇಂಥ ಹೋಳಿಗೆ ನಾನು ಮೈಸೂರಲ್ಲೂ ಉಂಡಿಲ್ಲ ಕಣಯ್ಯ," ಎನ್ನುತ್ತಿದ್ದರು ದೊಡ್ಡಣ್ಣ. "ಯಾರ ಕೈಯಡುಗೆ?"

"ನಮ್ಮ ಸೋದರತ್ತೆ ಮಾಗಡಿಯಿಂದ ಬಂದಿದಾರೆ," ಎಂದರು ಭಾವ.

"ಅದಕ್ಕೇ! ಮಡಿಯವರ ಅಡುಗೆ ನಾಲಿಗೆಗೇ ಗೊತ್ತಾಗುತ್ತೆ. ಇಂಥವರಿರೋವಾಗ ಆ ಸಕೇಶೀನ ಯಾಕೆ ಮನೇಲಿಟ್ಕೊಂಡಿದೀಯ? ಒಂದೋ ಕೂದಲು ತೆಗೆಸು, ಇಲ್ಲಾ ಆಚೆ ಕಳಿಸು."

"ಹಬ್ಬ ಮುಗೀಲಿ ಅಂತ ಕಾದಿದೀನಿ. ಎರಡರಲ್ಲಿ ಒಂದು ಮಾಡಿಬಿಡ್ತೀನಿ," ಎಂದರು ಭಾವ.

ಕೊಟ್ಟಿಗೆಯ ಪಕ್ಕ ಅಡಗಿ ಅಡುಗೆ ಮಾಡಿದ್ದು ಯಾತಕ್ಕೆ ಹಾಗಾದರೆ? ಕೂದಲು ಉಳಿದರೆ ಸೂರಿಲ್ಲ, ಸೂರು ಉಳಿದರೆ ಕೂದಲಿಲ್ಲ. ಇವರಿಗೆ ಬೇಕಾಗಿದ್ದದ್ದು ಈ ಒಂದು ಊಟ ಮಾತ್ರ. ತಲೆಯ ಮೇಲಿನ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದೆ. ಜಡೆ ಬೆನ್ನ ಮೇಲೆ ಬಿತ್ತು. ಹೋಳಿಗೆಯ ತಟ್ಟೆ ಹಿಡಿದು ನೇರ ಪಂಕ್ತಿಯ ನಡುವೆ ಹೋಗಿ ನಿಂತೆ.

"ಅಡುಗೆ ಅತ್ತೇದಲ್ಲ," ಎಂದೆ. "ಪಲ್ಯದಿಂದ ಹೋಳಿಗೆವರೆಗೆ ನಾನು ಮಾಡಿದ್ದು. ಈ ಕೈಲಿ, ಈ ಕೂದಲಿಟ್ಕೊಂಡೇ."

ಎಲ್ಲರ ಕೈ ಎಲೆಯ ಮೇಲೇ ನಿಂತಿತು. ಅಕ್ಕನ ಕೈಯ ತುಪ್ಪದ ಗಿಂಡಿ ವಾಲಿ ನೆಲಕ್ಕೆ ಸುರಿಯಿತು. ಭಾವ ಬೆಳ್ಳಗಾಗಿ, ಮರುಕ್ಷಣವೇ ನಕ್ಕರು. "ಮನಸ್ಸಿಗೆ ಹಚ್ಕೋಬೇಡಿ ದೊಡ್ಡಣ್ಣ. ಅವಳಿಗೆ ಬುದ್ಧಿ ಒಂದಿಷ್ಟು ಸ್ತಿಮಿತದಲ್ಲಿಲ್ಲ. ಹಬ್ಬ ಹರಿದಿನ ಬಂದರೆ ಹೀಗಾಡ್ತಾಳೆ."

ದೊಡ್ಡಣ್ಣ ನನ್ನನ್ನು ನೋಡಿದರು. ಆಮೇಲೆ ತಮ್ಮ ಎಲೆಯನ್ನು ನೋಡಿದರು. ಅರ್ಧ ತಿಂದ ಹೋಳಿಗೆ ತುಪ್ಪದಲ್ಲಿ ನೆನೆಯುತ್ತಿತ್ತು. ನನ್ನ ಮಾತು ನಿಜವೆಂದರೆ ಅವರು ಏಳಬೇಕು, ವ್ರತ ಕೆಟ್ಟದ್ದಕ್ಕೆ ಪ್ರಾಯಶ್ಚಿತ್ತ ಮಾಡಬೇಕು, ಉಪವಾಸ ಕೂರಬೇಕು. ಲೆಕ್ಕ ಹಾಕುವುದು ಅವರ ಮುಖದಲ್ಲೇ ಕಾಣುತ್ತಿತ್ತು.

"ಛೆ ಛೆ, ನನಗೆ ತಿಳಿಯೋಲ್ವೆ?" ಎಂದರು ಕಡೆಗೆ. "ಸಕೇಶಿ ಅಡುಗೆಗೆ ಈ ರುಚಿ ಎಲ್ಲಿಂದ ಬರಬೇಕು? ಮುದುಕಿಗೆ ಹೆಸರು ಬಂತು ಅಂತ ಹೊಟ್ಟೆಕಿಚ್ಚು. ಕಳಿಸು ಆಚೆಗೆ. ಆ ತಟ್ಟೇದು ಬೇಡ. ಅತ್ತೆಯವರನ್ನ ಕೇಳಿ ಬೇರೆ ತರಿಸು." ಹಾಗೆಂದು ಅರ್ಧ ಹೋಳಿಗೆಯನ್ನು ಮಡಿಸಿ ಬಾಯಿಗಿಟ್ಟರು.

ನನ್ನನ್ನು ಬೈದಿದ್ದರೆ, ತಂಬಿಗೆ ಎಸೆದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ನಾನು ಮಾಡಿದ್ದನ್ನು ಬಾಯಲ್ಲಿಟ್ಟುಕೊಂಡು, ನೀನು ಮಾಡಿಲ್ಲ ಎಂದರು. ನಾನು ತಟ್ಟೆ ಹಿಡಿದು ಹಿತ್ತಿಲಿಗೆ ಬಂದೆ. ಒಲೆ ಉರಿಯುತ್ತಿತ್ತು. ಕಣಕ ಹೂರಣ ಇನ್ನೂ ಪಾತ್ರೆಯ ತುಂಬ ಇತ್ತು. ಬಾವಿಯಿಂದ ಒಂದು ಕೊಡ ನೀರು ಸೇದಿ ಒಲೆಗೆ ಸುರಿದೆ. ಹಂಚು ಚುರ್ರೆಂದು ಬಿರುಕು ಬಿಟ್ಟಿತು. ಅಕ್ಕ ಓಡಿಬಂದು, ಒದ್ದೆ ಬೂದಿ ನೋಡಿ, "ಹೋಳಿಗೆ ಕೇಳ್ತಿದಾರಲ್ಲೇ! ಈಗೇನು ಮಾಡ್ಲಿ?" ಎಂದಳು.

"ಮಾಡಿದವರನ್ನ ಕೇಳು," ಎಂದೆ.

ಅವಳು ಬರಿಗೈಯಲ್ಲಿ ಒಳಗೆ ಹೋದಳು. ನಾನೂ ಅವಳ ಹಿಂದೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ನಡುಮನೆಯಲ್ಲಿ ಕಾದರು. ಯಾರೋ ಕೆಮ್ಮಿದರು. ಕಡೆಗೆ ದೊಡ್ಡಣ್ಣನೇ ಗಟ್ಟಿಯಾಗಿ ಕೂಗಿದರು: "ಅತ್ತೆಯವರೇ, ಇನ್ನೆರಡು ಬಿಸಿ ಹೋಳಿಗೆ ಬರಲಿ!"

ಅತ್ತೆ ಸೌಟನ್ನು ಕೆಳಗಿಟ್ಟರು. ಕೂತಲ್ಲಿಂದಲೇ, ಬೀದಿಗೂ ಕೇಳುವ ಹಾಗೆ ಹೇಳಿದರು:

"ಎಲ್ಲಿಂದ ತರಲಪ್ಪಾ? ಈ ಒಲೆಗೆ ಬೆಳಗಿಂದ ಬೆಂಕೀನೇ ಹಾಕಿಲ್ಲ. ತಣ್ಣಗಿದೆ, ಬೇಕಾದರೆ ಬಂದು ಕೈಯಿಟ್ಟು ನೋಡು."

ಭಾವನ ತಲೆ ಎಲೆಯ ಮೇಲೆ ಬಾಗಿತ್ತು. ನಾನು ದೊಡ್ಡಣ್ಣನನ್ನೇ ನೋಡುತ್ತಿದ್ದೆ. ಈಗ ಏಳುತ್ತಾರೆ ಎಂದು ಕಾದೆ. ಏಳಲಿ ಎಂದೇ ಬಯಸಿದ್ದೆ.

ಅವರು ಏಳಲಿಲ್ಲ. ಕಿವಿ ಮಂದವಾದವರ ಹಾಗೆ ಅತ್ತಿತ್ತ ನೋಡಿ, "ಹೋಗಲಿ, ಮೊಸರು ಹಾಕಮ್ಮ" ಎಂದು ಅಕ್ಕನಿಗೆ ಹೇಳಿದರು. ಅನ್ನಕ್ಕೆ ಮೊಸರು ಕಲಸಿಕೊಂಡು, ನಿಧಾನವಾಗಿ, ಎಲೆ ಸ್ವಚ್ಛ ಮಾಡಿ ಉಂಡರು. ಅವರು ಉಂಡದ್ದು ಕಂಡು ಉಳಿದವರೂ ಉಂಡರು. ಆಮೇಲೆ ಹೆಂಗಸರ ಪಂಕ್ತಿಯೂ ಅದೇ ಅಡುಗೆಯನ್ನೇ ಉಂಡಿತು.

ಮಾರನೆಯ ದಿನ ಅತ್ತೆಯ ಗಾಡಿಯಲ್ಲಿ ನಾನೂ ಮಾಗಡಿಗೆ ಹೊರಟೆ. ಅತ್ತೆಯೇ, "ಬಾ, ನನಗೂ ಬೇಯಿಸಿ ಹಾಕೋರಿಲ್ಲ" ಎಂದಿದ್ದರು. ಅಕ್ಕ ಬಾಗಿಲವರೆಗೆ ಬಂದಳು, ಭಾವ ಬರಲಿಲ್ಲ. ಅತ್ತೆ ಬದುಕಿರುವವರೆಗೆ ನನ್ನ ಅಡುಗೆಯನ್ನೇ ಉಂಡರು. ಅದಕ್ಕಾಗಿ ಅವರ ಬಳಗದವರು ಅವರ ಮನೆಯಲ್ಲಿ ನೀರು ಮುಟ್ಟುವುದನ್ನು ಬಿಟ್ಟರು. ಅತ್ತೆ ಅದನ್ನು ಲೆಕ್ಕಿಸಲಿಲ್ಲ. ನನ್ನ ತಲೆಯನ್ನು ಯಾರೂ ಮುಟ್ಟಲಿಲ್ಲ.

ದೊಡ್ಡಣ್ಣ ಅಂದು ಎಲೆ ಬಿಟ್ಟು ಎದ್ದಿದ್ದರೆ ನಾನು ಅವರನ್ನು ಎಂದೋ ಕ್ಷಮಿಸಿಬಿಡುತ್ತಿದ್ದೆ. ತಾನು ನಂಬಿದ್ದಕ್ಕೆ ತಾನೂ ಹಸಿದುಕೊಳ್ಳುವ ಮನುಷ್ಯ ಎಂದುಕೊಳ್ಳುತ್ತಿದ್ದೆ. ಯಾವ ಶಾಸ್ತ್ರಕ್ಕಾಗಿ ನಾನು ಬಾಳಿಡೀ ಕತ್ತಿಗೆ ತಲೆ ಕೊಡಬೇಕಾಗಿತ್ತೋ, ಆ ಶಾಸ್ತ್ರಕ್ಕಾಗಿ ಅವರಿಗೆ ಒಂದು ತುತ್ತು ಮೊಸರನ್ನ ಬಿಡುವುದಕ್ಕೂ ಆಗಲಿಲ್ಲ. ಆ ಮೊಸರಿಗೆ ಹೆಪ್ಪು ಹಾಕಿದವಳೂ ನಾನೇ.